ಹಲ್ಲಿನ ಕಾವಲು

'ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ' ಎಂಬುದು ಕನ್ನಡಿಗರ ಬಾಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಗಾದೆ. ಸಾಮರ್ಥ್ಯವೂ ಅವಕಾಶವೂ ಒಟ್ಟಿಗೆ ಕೂಡಿಬರುವುದು ಅಪರೂಪವೆಂಬುದನ್ನು ಹೇಳುವುದಕ್ಕೆ ಹಿರಿಯರು ಹಲ್ಲನ್ನೇ ಉದಾಹರಣೆಯಾಗಿ ಆರಿಸಿಕೊಂಡರು. ಮುಪ್ಪು ಬಂದಂತೆ ಹಲ್ಲು ಉದುರುವುದು ಸೃಷ್ಟಿಯ ನಿಯಮವೆಂದೇ ಹಿಂದಿನವರು ನಂಬಿದ್ದರು. ಆದರೆ ಹಲ್ಲು ಬೀಳುವುದಕ್ಕೆ ವಯಸ್ಸು ತಾನಾಗಿ ಕಾರಣವಲ್ಲ; ಹಲ್ಲಿಗೂ ಒಸಡಿಗೂ ತಗಲುವ ರೋಗಗಳೇ ಮುಖ್ಯ ಕಾರಣ. ಆ ರೋಗಗಳಲ್ಲಿ ಬಹುಭಾಗವನ್ನು ತಡೆಯಬಹುದೆಂಬುದನ್ನು ವಿಜ್ಞಾನವು ತೋರಿಸಿಕೊಟ್ಟಿದೆ.

ಹಲ್ಲಿನಿಂದ ಮನುಷ್ಯನಿಗೆ ಆಗುವ ಉಪಕಾರ ಅಗಿಯುವುದೊಂದೇ ಅಲ್ಲ. ಮಾತಿನ ಸ್ಪಷ್ಟತೆಗೂ ಹಲ್ಲು ಬೇಕು. ತ, ಥ, ದ, ಧ, ನ ಎಂಬ ಅಕ್ಷರಗಳನ್ನು ವ್ಯಾಕರಣಕಾರರು ದಂತ್ಯಗಳೆಂದು ಕರೆದದ್ದು ನಾಲಗೆಯು ಹಲ್ಲನ್ನು ಮುಟ್ಟಿದಾಗ ಅವು ಹುಟ್ಟುವುದರಿಂದಲೇ. ಮುಖದ ಆಕಾರವನ್ನು ಕಾಪಾಡುವುದೂ ಹಲ್ಲೇ. ಇಷ್ಟು ಉಪಕಾರಿಯಾದ ಅಂಗವನ್ನು ನೋವು ಕಾಣಿಸಿಕೊಳ್ಳುವವರೆಗೆ ಯಾರೂ ನೆನೆಯುವುದಿಲ್ಲ. ಜಗತ್ತಿನ ಜನರನ್ನು ಕಾಡುವ ಕಾಯಿಲೆಗಳಲ್ಲಿ ಅತ್ಯಂತ ಸಾಮಾನ್ಯವಾದುದು ಹಲ್ಲಿನ ಹುಳುಕು ಎಂಬ ಸಂಗತಿ ಆ ಮರೆವಿನ ಫಲ.

ಹಲ್ಲು ಹೊರನೋಟಕ್ಕೆ ಕಲ್ಲಿನ ಚೂರಿನಂತೆ ಕಂಡರೂ ಅದರ ರಚನೆ ಸರಳವಾದುದಲ್ಲ. ಅದರ ಮೇಲ್ಭಾಗವನ್ನು ಎನಾಮಲ್ ಎಂಬ ಕವಚವು ಆವರಿಸಿರುತ್ತದೆ. ಮಾನವ ಶರೀರದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಮತ್ತೊಂದಿಲ್ಲ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್‌ಗಳು ಕೂಡಿ ಆದ ಸೂಕ್ಷ್ಮ ಹರಳುಗಳು ಒತ್ತೊತ್ತಾಗಿ ಜೋಡಣೆಗೊಂಡು ಈ ಕವಚವಾಗಿದೆ. ಇದರ ಒಳಗೆ ಸ್ವಲ್ಪ ಮೆದುವಾದ ಡೆಂಟೀನ್ ಎಂಬ ಪದರವಿದೆ. ಎಲ್ಲಕ್ಕೂ ಒಳಗೆ ರಕ್ತನಾಳಗಳೂ ನರಗಳೂ ತುಂಬಿದ ದಂತಮಜ್ಜೆಯಿದೆ. ಎನಾಮಲ್ಲಿನಲ್ಲಿ ಜೀವಕೋಶಗಳಿಲ್ಲ. ಆದುದರಿಂದ ಮುರಿದ ಮೂಳೆ ಕೂಡಿಕೊಳ್ಳುವಂತೆ, ಕೊಯ್ದ ಚರ್ಮ ಮತ್ತೆ ಬೆಳೆಯುವಂತೆ, ಒಮ್ಮೆ ಕುಳಿಬಿದ್ದ ಎನಾಮಲ್ ಮತ್ತೆ ಬೆಳೆಯಲಾರದು. ದೇಹದ ಅತ್ಯಂತ ಗಟ್ಟಿಯಾದ ಭಾಗವೇ ತನ್ನನ್ನು ತಾನು ಮತ್ತೆ ಕಟ್ಟಿಕೊಳ್ಳಲಾರದ ಭಾಗವೂ ಆಗಿರುವುದು ವಿಚಿತ್ರವಾದರೂ ಸತ್ಯ.

ಮನುಷ್ಯನಿಗೆ ಎರಡು ಬಾರಿ ಹಲ್ಲು ಬರುತ್ತದೆ. ಮಗುವಿಗೆ ಸುಮಾರು 6 ತಿಂಗಳಾದಾಗ ಹಾಲುಹಲ್ಲು ಮೂಡತೊಡಗುತ್ತದೆ; ಇವುಗಳ ಸಂಖ್ಯೆ 20. ಬಳಿಕ ಬರುವ ಶಾಶ್ವತ ಹಲ್ಲುಗಳು 32. ಹೇಗೂ ಬಿದ್ದುಹೋಗುವ ಹಲ್ಲೆಂದು ಹಾಲುಹಲ್ಲನ್ನು ಅಲಕ್ಷಿಸುವವರು ಬಹಳ ಮಂದಿ. ಇಲ್ಲಿ ಒಂದು ಮೋಸವಿದೆ. ಸುಮಾರು 6ನೆಯ ವಯಸ್ಸಿನಲ್ಲಿ ಹಾಲುಹಲ್ಲುಗಳ ಹಿಂಬದಿಯಲ್ಲಿ, ಯಾವ ಹಲ್ಲೂ ಬೀಳದೆಯೇ, ಮೊದಲನೆಯ ಶಾಶ್ವತ ದವಡೆಹಲ್ಲು ಸದ್ದಿಲ್ಲದೆ ಮೂಡುತ್ತದೆ. ತಂದೆತಾಯಿಗಳು ಅದನ್ನೂ ಹಾಲುಹಲ್ಲೆಂದೇ ಭಾವಿಸುತ್ತಾರೆ. ಅದು ಹುಳುಕಾದರೆ ಅದರ ಜಾಗದಲ್ಲಿ ಬೇರೊಂದು ಬರುವುದಿಲ್ಲ. ಹೀಗೆ ಬದುಕಿನುದ್ದಕ್ಕೂ ಅಗಿಯಬೇಕಾದ ಹಲ್ಲು ಬಾಲ್ಯದಲ್ಲಿಯೇ ಹಾಳಾಗುವುದುಂಟು.

ಹಾಗಾದರೆ ಹುಳುಕು ಎಂದರೇನು? 'ಹುಳುಕು' ಎಂಬ ಮಾತಿನಲ್ಲಿಯೇ ಹುಳು ಅಡಗಿದೆ. ಮರವನ್ನು ಹುಳು ಕೊರೆಯುವಂತೆ ಹಲ್ಲನ್ನೂ ಒಂದು ಹುಳು ಕೊರೆಯುತ್ತದೆ ಎಂದು ಹಿಂದಿನವರು ತಿಳಿದಿದ್ದರು. ಈ ನಂಬಿಕೆ ಕನ್ನಡ ನಾಡಿನದು ಮಾತ್ರವಲ್ಲ; ಪ್ರಾಚೀನ ಬ್ಯಾಬಿಲೋನಿಯದವರೂ ಹೀಗೆಯೇ ನಂಬಿದ್ದರು. ಕಣ್ಣಿಗೆ ಕಾಣುವಂತಹ ಹುಳು ಹಲ್ಲಿನಲ್ಲಿಲ್ಲ ಎಂಬುದು ನಿಜ. ಆದರೆ 1683ರಲ್ಲಿ ಹಾಲೆಂಡಿನ ಆಂಟನಿ ಲೀವೆನ್‌ಹುಕ್ ಎಂಬಾತನು ತನ್ನ ಹಲ್ಲಿನ ಸಂದಿಯಲ್ಲಿದ್ದ ಬಿಳಿಯ ಲೋಳೆಯನ್ನು ತೆಗೆದು, ತಾನೇ ತಯಾರಿಸಿದ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ, ಅದರಲ್ಲಿ ಅಸಂಖ್ಯಾತ ಪುಟ್ಟ ಜೀವಿಗಳು ಅತ್ತಿತ್ತ ಓಡಾಡುವುದು ಕಂಡಿತು. ಆ ಜೀವಿಗಳಿಗೂ ಹುಳುಕಿಗೂ ಇರುವ ಸಂಬಂಧ ತಿಳಿಯಲು ಇನ್ನೂ ಇನ್ನೂರು ವರ್ಷ ಬೇಕಾಯಿತು. ಅಮೆರಿಕದಲ್ಲಿ ಹುಟ್ಟಿ ಜರ್ಮನಿಯಲ್ಲಿ ಸಂಶೋಧನೆ ನಡೆಸಿದ ವಿಲೋಬಿ ಮಿಲ್ಲರ್ ಎಂಬ ದಂತವೈದ್ಯನು, ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ಆಹಾರದ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆಂದೂ ಆ ಆಮ್ಲವೇ ಹಲ್ಲನ್ನು ಕರಗಿಸುತ್ತದೆಂದೂ 1890ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದನು.

ಈ ಕ್ರಿಯೆ ನಡೆಯುವ ಬಗೆ ಹೀಗಿದೆ. ಉಜ್ಜಿ ಶುಚಿಗೊಳಿಸಿದ ಹಲ್ಲಿನ ಮೇಲೆ ಕೆಲವೇ ಗಂಟೆಗಳಲ್ಲಿ ತೆಳುವಾದ ಅಂಟಿನಂತಹ ಪೊರೆಯೊಂದು ಕಟ್ಟಿಕೊಳ್ಳುತ್ತದೆ. ಇದನ್ನು ಹಲ್ಲಿನ ಪಾಚಿ ಎನ್ನಬಹುದು. ಬಾವಿಯ ಕಲ್ಲಿಗೆ ಪಾಚಿ ಹಿಡಿಯುವಂತೆ ಸೂಕ್ಷ್ಮಜೀವಿಗಳು ಗುಂಪುಗೂಡಿ ಇದರಲ್ಲಿ ನೆಲೆಸುತ್ತವೆ. ಬೆಲ್ಲ, ಸಕ್ಕರೆ, ಮಿಠಾಯಿ, ಬಿಸ್ಕತ್ತು ಇವು ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಆ ಜೀವಿಗಳು ಆಮ್ಲವನ್ನು ಉತ್ಪಾದಿಸತೊಡಗುತ್ತವೆ. ಆಮ್ಲವು ಎನಾಮಲ್ಲಿನ ಹರಳುಗಳಿಂದ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್‌ಗಳನ್ನು ಸೆಳೆದುಕೊಳ್ಳುತ್ತದೆ. ಅಷ್ಟರಲ್ಲಿ ಲಾಲಾರಸವು ಹಲ್ಲಿನ ನೆರವಿಗೆ ಬರುತ್ತದೆ. ಅದು ಆಮ್ಲವನ್ನು ಶಮನಗೊಳಿಸಿ, ತನ್ನಲ್ಲಿ ಕರಗಿರುವ ಖನಿಜಾಂಶವನ್ನು ಹಲ್ಲಿಗೆ ಹಿಂದಿರುಗಿಸುತ್ತದೆ. ಇದಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ ಹಿಡಿಯುತ್ತದೆ. ಹೀಗೆ ಪ್ರತಿಯೊಬ್ಬರ ಬಾಯಿಯಲ್ಲಿಯೂ ದಿನವಿಡೀ ಸವೆತ ಮತ್ತು ಭರ್ತಿಗಳ ವ್ಯವಹಾರ ನಡೆಯುತ್ತಲೇ ಇರುತ್ತದೆ. ಆದಾಯವೂ ವೆಚ್ಚವೂ ಸರಿಹೋದರೆ ಹಲ್ಲು ಉಳಿಯುತ್ತದೆ. ವೆಚ್ಚವೇ ಹೆಚ್ಚಾದರೆ ಮೊದಲು ಸೀಮೆಸುಣ್ಣದ ಬಣ್ಣದ ಮಚ್ಚೆ ಕಾಣಿಸಿಕೊಂಡು, ಆಮೇಲೆ ಕುಳಿಯಾಗಿ, ಕಡೆಗೆ ದಂತಮಜ್ಜೆಯನ್ನು ಮುಟ್ಟಿ ತಾಳಲಾರದ ನೋವನ್ನು ತರುತ್ತದೆ. ಮಚ್ಚೆಯ ಹಂತದಲ್ಲಿ ಎಚ್ಚೆತ್ತರೆ ನಷ್ಟವನ್ನು ತುಂಬಿಕೊಳ್ಳುವುದು ಸಾಧ್ಯ. ಕುಳಿ ಬಿದ್ದ ಮೇಲೆ ದಂತವೈದ್ಯರೇ ಅದನ್ನು ತುಂಬಬೇಕು.

ಇದರಿಂದ ಮುಖ್ಯವಾದ ಒಂದು ಅಂಶ ಸ್ಪಷ್ಟವಾಗುತ್ತದೆ. ಎಷ್ಟು ಸಿಹಿ ತಿಂದರು ಎಂಬುದರ ಜೊತೆಗೆ, ದಿನದಲ್ಲಿ ಎಷ್ಟು ಸಲ ತಿಂದರು ಎಂಬುದೂ ಬಹಳ ಮುಖ್ಯ. ಹಬ್ಬದೂಟದಲ್ಲಿ ಒಂದು ಹೋಳಿಗೆ ಹೆಚ್ಚು ತಿಂದವನಿಗಿಂತ, ಜೇಬಿನಲ್ಲಿ ಪೆಪ್ಪರಮೆಂಟು ಇಟ್ಟುಕೊಂಡು ಗಳಿಗೆಗೊಂದರಂತೆ ಚೀಪುವವನ ಹಲ್ಲಿಗೆ ಅಪಾಯ ಹೆಚ್ಚು. ಏಕೆಂದರೆ ಅವನ ಲಾಲಾರಸಕ್ಕೆ ರಿಪೇರಿ ಮಾಡುವ ಬಿಡುವೇ ಸಿಗುವುದಿಲ್ಲ. ಸ್ವೀಡನ್ ದೇಶದ ವಿಪೆಹೋಮ್ ಎಂಬ ಆಸ್ಪತ್ರೆಯಲ್ಲಿ 1940ರ ದಶಕದಲ್ಲಿ ಆರಂಭವಾದ ಪ್ರಯೋಗವು ಇದನ್ನು ಖಚಿತಪಡಿಸಿತು. ಊಟದೊಡನೆ ಸಿಹಿ ತಿಂದವರಿಗಿಂತ ಊಟಗಳ ನಡುವೆ ಅಂಟುವ ಮಿಠಾಯಿ ತಿಂದವರಲ್ಲಿ ಹುಳುಕು ಬಹಳ ಹೆಚ್ಚಿತ್ತು. ಆದರೆ ಆ ಪ್ರಯೋಗ ನಡೆದದ್ದು ಒಪ್ಪಿಗೆ ಕೊಡಲು ಸಾಮರ್ಥ್ಯವಿಲ್ಲದ ಬುದ್ಧಿಮಾಂದ್ಯರ ಮೇಲೆ. ಅವರ ಹಲ್ಲುಗಳನ್ನು ಕೆಡಿಸಿ ಪಡೆದ ಆ ಜ್ಞಾನವನ್ನು ಜಗತ್ತು ಬಳಸಿಕೊಂಡಿತಾದರೂ ಅದನ್ನು ಪಡೆದ ವಿಧಾನವನ್ನು ಖಂಡಿಸಿದೆ.

ಹಲ್ಲಿನ ಈ ಲೆಕ್ಕದಲ್ಲಿ ಆದಾಯವನ್ನು ಹೆಚ್ಚಿಸುವ ವಸ್ತುವೊಂದಿದೆ. ಅದೇ ಫ್ಲೋರೈಡು. ಫ್ಲೋರಿನ್ ಎಂಬ ಮೂಲವಸ್ತುವು ಇತರ ವಸ್ತುಗಳೊಡನೆ ಕೂಡಿದಾಗ ತಾಳುವ ರೂಪವೇ ಇದು. ಬಂಡೆಯಲ್ಲಿ, ಮಣ್ಣಿನಲ್ಲಿ, ನೀರಿನಲ್ಲಿ ಅಲ್ಪಪ್ರಮಾಣದಲ್ಲಿ ಎಲ್ಲೆಡೆಯೂ ಇದೆ. ಇದಕ್ಕೂ ಹಲ್ಲಿಗೂ ಇರುವ ಸಂಬಂಧ ತಿಳಿದುಬಂದದ್ದು ರೋಗವನ್ನು ಗುಣಪಡಿಸುವ ಹುಡುಕಾಟದಿಂದಲ್ಲ. ಮಕ್ಕಳ ಹಲ್ಲಿನ ಮೇಲೆ ಕಂಡ ಕಲೆಯೊಂದರ ಕಾರಣವನ್ನು ಹುಡುಕಿ ಹೊರಟ ಒಬ್ಬ ತರುಣನ ಹಟದಿಂದ.

1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯನು ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ವೃತ್ತಿಯನ್ನು ಆರಂಭಿಸಿದನು. ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳ ಮೇಲೆ ಕಂದುಬಣ್ಣದ ಕಲೆಗಳಿರುವುದನ್ನು ಕಂಡು ಅವನು ಬೆರಗಾದನು. ಕೆಲವರ ಹಲ್ಲಂತೂ ಚಾಕೊಲೇಟಿನ ಬಣ್ಣಕ್ಕೆ ತಿರುಗಿತ್ತು. ಎಷ್ಟು ಉಜ್ಜಿದರೂ ಆ ಕಲೆ ಹೋಗುತ್ತಿರಲಿಲ್ಲ. ಊರಿನವರು ಅದಕ್ಕೆ ಹಂದಿಮಾಂಸ, ಕೆಟ್ಟ ಹಾಲು, ಸುಣ್ಣದಂಶವುಳ್ಳ ನೀರು ಎಂದು ಬಗೆಬಗೆಯ ಕಾರಣಗಳನ್ನು ಹೇಳುತ್ತಿದ್ದರು. ವೈದ್ಯಗ್ರಂಥಗಳಲ್ಲಿ ಇದರ ಪ್ರಸ್ತಾಪವೇ ಇರಲಿಲ್ಲ. 1909ರಲ್ಲಿ ಆ ಕಾಲದ ಪ್ರಖ್ಯಾತ ದಂತವಿಜ್ಞಾನಿ ಜಿ. ವಿ. ಬ್ಲ್ಯಾಕ್ ಈ ಕಾರ್ಯದಲ್ಲಿ ಮೆಕೇಯೊಡನೆ ಕೈಜೋಡಿಸಿದನು. ಊರಿನಲ್ಲಿಯೇ ಹುಟ್ಟಿದ ಮಕ್ಕಳಲ್ಲಿ 100ಕ್ಕೆ ಸುಮಾರು 90 ಮಂದಿಯ ಹಲ್ಲಿನಲ್ಲಿ ಕಲೆಯಿರುವುದು ಗೊತ್ತಾಯಿತು. ಇನ್ನೂ ಎರಡು ಸಂಗತಿಗಳು ಬೆಳಕಿಗೆ ಬಂದವು. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಎಳವೆಯಲ್ಲಿ ಮಾತ್ರ ಈ ಕಲೆ ಉಂಟಾಗುತ್ತದೆ. ದೊಡ್ಡವರಾದ ಮೇಲೆ ಆ ಊರಿಗೆ ಬಂದವರಿಗೆ ಉಂಟಾಗುವುದಿಲ್ಲ. ಎರಡನೆಯದು ಇನ್ನೂ ಆಶ್ಚರ್ಯಕರ. ನೋಟಕ್ಕೆ ಕುರೂಪವಾದ ಆ ಹಲ್ಲುಗಳಿಗೆ ಹುಳುಕು ಅಷ್ಟಾಗಿ ಹಿಡಿಯುತ್ತಿರಲಿಲ್ಲ.

1915ರಲ್ಲಿ ಬ್ಲ್ಯಾಕ್ ನಿಧನನಾದನು. ಮೆಕೇ ಒಬ್ಬನೇ ಶೋಧವನ್ನು ಮುಂದುವರಿಸಿದನು. 1923ರಲ್ಲಿ ಐಡಹೊ ಪ್ರಾಂತದ ಓಕ್ಲಿ ಎಂಬ ಊರಿನಿಂದ ಅವನಿಗೆ ಕರೆ ಬಂದಿತು. ದೂರದ ಬಿಸಿನೀರಿನ ಬುಗ್ಗೆಯೊಂದರಿಂದ ಕೊಳವೆಯ ಮೂಲಕ ಊರಿಗೆ ನೀರು ತಂದ ಮೇಲೆ ಮಕ್ಕಳ ಹಲ್ಲುಗಳಲ್ಲಿ ಕಲೆ ಕಾಣಿಸಿಕೊಂಡಿತೆಂದು ತಾಯಂದಿರು ಹೇಳಿದರು. ಮೆಕೇ ಆ ನೀರನ್ನು ಪರೀಕ್ಷಿಸಿದನು. ಸಂದೇಹಕ್ಕೆ ಎಡೆಯಾಗುವಂತಹುದು ಏನೂ ದೊರೆಯಲಿಲ್ಲ. ಆದರೂ ಆ ನೀರನ್ನು ಬಿಟ್ಟು ಬೇರೊಂದು ಬುಗ್ಗೆಯ ನೀರನ್ನು ಬಳಸುವಂತೆ ಅವನು ಸಲಹೆಯಿತ್ತನು. ಕೆಲವೇ ವರ್ಷಗಳಲ್ಲಿ ಆ ಊರಿನ ಚಿಕ್ಕ ಮಕ್ಕಳಿಗೆ ಕಲೆಯಿಲ್ಲದ ಹಲ್ಲುಗಳು ಬರತೊಡಗಿದವು. ತಪ್ಪು ನೀರಿನಲ್ಲಿಯೇ ಇದೆ ಎಂಬುದು ಸಿದ್ಧವಾಯಿತು. ಆದರೆ ನೀರಿನಲ್ಲಿರುವ ಯಾವ ವಸ್ತು?

ಉತ್ತರ ಬಂದದ್ದು ಅನಿರೀಕ್ಷಿತವಾದ ಕಡೆಯಿಂದ. ಆರ್ಕನ್ಸಾ ಪ್ರಾಂತದ ಬಾಕ್ಸೈಟ್ ಎಂಬ ಊರು ಅಲ್ಯೂಮಿನಿಯಂ ಕಂಪೆನಿಯೊಂದಕ್ಕೆ ಸೇರಿದ್ದಿತು. ಅಲ್ಲಿಯ ಮಕ್ಕಳ ಹಲ್ಲಿನಲ್ಲಿಯೂ ಇದೇ ಕಲೆ ಇದ್ದಿತು. ಅಲ್ಯೂಮಿನಿಯಂ ಪಾತ್ರೆಗಳಲ್ಲಿ ಅಡಿಗೆ ಮಾಡಿದರೆ ವಿಷವಾಗುತ್ತದೆಂಬ ವದಂತಿ ಹಬ್ಬಿದ್ದ ಕಾಲ ಅದು. ಈ ಕಲೆಯ ಅಪವಾದವೂ ತಮ್ಮ ಲೋಹಕ್ಕೆ ಅಂಟೀತೆಂಬ ಆತಂಕದಿಂದ ಕಂಪೆನಿಯ ಮುಖ್ಯ ರಸಾಯನಶಾಸ್ತ್ರಜ್ಞ ಎಚ್. ವಿ. ಚರ್ಚಿಲ್ ಆ ಊರಿನ ನೀರನ್ನು ಹೊಸ ವಿಧಾನದಿಂದ ವಿಶ್ಲೇಷಿಸಿದನು. ಯಾರೂ ಊಹಿಸದಿದ್ದಷ್ಟು ಫ್ಲೋರೈಡು ಅದರಲ್ಲಿದ್ದಿತು. 1931ರಲ್ಲಿ ಅವನು ಮೆಕೇಗೆ ಪತ್ರ ಬರೆದು, ಕಲೆಯಿರುವ ಇತರ ಊರುಗಳ ನೀರನ್ನೂ ಕಳುಹಿಸುವಂತೆ ಕೋರಿದನು. ಅವೆಲ್ಲದರಲ್ಲಿಯೂ ಫ್ಲೋರೈಡು ಅಧಿಕವಾಗಿದ್ದಿತು. ಮೂವತ್ತು ವರ್ಷಗಳ ಹುಡುಕಾಟ ಹೀಗೆ ಕೊನೆಗೊಂಡಿತು.

ಕಲೆಗೂ ಫ್ಲೋರೈಡೇ ಕಾರಣ, ಹುಳುಕು ಬಾರದಿರುವುದಕ್ಕೂ ಫ್ಲೋರೈಡೇ ಕಾರಣ. ಹಾಗಾದರೆ ಕಲೆಯನ್ನು ತರದೆ ಹುಳುಕನ್ನು ಮಾತ್ರ ತಡೆಯುವ ಪ್ರಮಾಣವೊಂದು ಇರಬಹುದಲ್ಲವೇ? ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ಟ್ರೆಂಡ್ಲಿ ಡೀನ್ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡನು. ಅವನೂ ಅವನ ಸಂಗಡಿಗರೂ 21 ನಗರಗಳಲ್ಲಿ 7000ಕ್ಕೂ ಹೆಚ್ಚು ಮಕ್ಕಳ ಹಲ್ಲುಗಳನ್ನು ಪರೀಕ್ಷಿಸಿದರು. ಒಂದು ಲೀಟರು ನೀರಿನಲ್ಲಿ ಸುಮಾರು 1 ಮಿಲಿಗ್ರಾಂ ಫ್ಲೋರೈಡು ಇದ್ದರೆ ಹುಳುಕು ಗಣನೀಯವಾಗಿ ಕಡಿಮೆಯಾಗುವುದೆಂದೂ ಹಲ್ಲು ವಿಕಾರಗೊಳ್ಳುವುದಿಲ್ಲವೆಂದೂ ಕಂಡುಬಂದಿತು. 1945ರ ಜನವರಿ 25ರಂದು ಮಿಷಿಗನ್ ಪ್ರಾಂತದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರವು ತನ್ನ ಕುಡಿಯುವ ನೀರಿಗೆ ಫ್ಲೋರೈಡನ್ನು ಅಳತೆಮಾಡಿ ಬೆರೆಸಿದ ಮೊದಲ ನಗರವಾಯಿತು. ಆ ಬಳಿಕ ಅಲ್ಲಿ ಹುಟ್ಟಿದ ಮಕ್ಕಳಲ್ಲಿ ಹುಳುಕು 100ಕ್ಕೆ 60ಕ್ಕಿಂತಲೂ ಹೆಚ್ಚು ಪಾಲು ಇಳಿಯಿತು.

ಫ್ಲೋರೈಡು ಹೇಗೆ ಕೆಲಸ ಮಾಡುತ್ತದೆ? ಆಮ್ಲದಿಂದ ಸವೆದ ಎನಾಮಲ್ಲಿಗೆ ಲಾಲಾರಸವು ಖನಿಜವನ್ನು ಹಿಂದಿರುಗಿಸುವಾಗ ಫ್ಲೋರೈಡು ಜೊತೆಗಿದ್ದರೆ ಆ ದುರಸ್ತಿ ಬೇಗನೆ ನಡೆಯುತ್ತದೆ. ಹೊಸದಾಗಿ ಕೂಡಿಕೊಂಡ ಹರಳು ಮೊದಲಿನದಕ್ಕಿಂತ ಗಟ್ಟಿಮುಟ್ಟಾಗಿದ್ದು ಆಮ್ಲಕ್ಕೆ ಸುಲಭವಾಗಿ ಕರಗುವುದಿಲ್ಲ. ಫ್ಲೋರೈಡನ್ನು ನುಂಗಿ ಅದು ಹಲ್ಲಿನೊಳಗೆ ಸೇರಬೇಕೆಂದು ಮೊದಲು ಭಾವಿಸಲಾಗಿತ್ತು. ಆದರೆ ಅದು ಹಲ್ಲಿನ ಹೊರಮೈಯನ್ನು ದಿನವೂ ಮುಟ್ಟುತ್ತಿರುವುದೇ ಮುಖ್ಯವೆಂದು ಮುಂದಿನ ಸಂಶೋಧನೆಗಳು ತಿಳಿಸಿದವು. ಈ ಅರಿವಿನಿಂದ ಹಲ್ಲುಜ್ಜುವ ಪೇಸ್ಟಿಗೆ ಹೊಸ ಮಹತ್ವ ಬಂದಿತು. 1950ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ ಫ್ಲೋರೈಡು ಬೆರೆಸಿದ ಪೇಸ್ಟು ಮಾರಾಟಕ್ಕೆ ಬಂದಿತು. ಅದರ ಬಳಕೆ ವ್ಯಾಪಕವಾದ ಮೇಲೆ ನೀರಿಗೆ ಫ್ಲೋರೈಡು ಬೆರೆಸುವುದರಿಂದ ದೊರೆಯುವ ಹೆಚ್ಚುವರಿ ಲಾಭ ಹಿಂದಿನಷ್ಟು ಉಳಿದಿಲ್ಲ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಫ್ಲೋರೈಡುಯುಕ್ತ ಪೇಸ್ಟನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಭಾರತದಲ್ಲಿ ಹಲ್ಲುಜ್ಜುವ ಅಭ್ಯಾಸ ಅತಿ ಪ್ರಾಚೀನವಾದುದು. ಚರಕಸಂಹಿತೆಯು ಹೊಂಗೆ, ಎಕ್ಕ ಮೊದಲಾದ ಗಿಡಮರಗಳ ಕಡ್ಡಿಯ ತುದಿಯನ್ನು ಜಜ್ಜಿ, ಒಸಡಿಗೆ ನೋವಾಗದಂತೆ, ದಿನಕ್ಕೆ ಎರಡು ಹೊತ್ತು ಹಲ್ಲನ್ನು ಶುಚಿಮಾಡಿಕೊಳ್ಳಬೇಕೆಂದು ವಿಧಿಸುತ್ತದೆ. ಹಳ್ಳಿಗಳಲ್ಲಿ ಬೇವಿನ ಕಡ್ಡಿ ಈಗಲೂ ಬಳಕೆಯಲ್ಲಿದೆ. ಜಜ್ಜಿದ ಕಡ್ಡಿಯು ಹಲ್ಲಿನ ಪಾಚಿಯನ್ನು ಒಂದು ಮಟ್ಟಿಗೆ ತೆಗೆಯಬಲ್ಲುದು. ಆದರೆ ದವಡೆಹಲ್ಲುಗಳ ಒಳಬದಿಯನ್ನು ಅದು ಮುಟ್ಟುವುದು ಕಷ್ಟ. ಇದ್ದಿಲು, ಬೂದಿ, ಇಟ್ಟಿಗೆಯ ಪುಡಿ, ಮರಳು ಮುಂತಾದವುಗಳಿಂದ ಉಜ್ಜುವ ರೂಢಿ ಮಾತ್ರ ಹಾನಿಕರ. ಅವು ಹಲ್ಲನ್ನು ಬೆಳ್ಳಗೆ ಮಾಡಿದಂತೆ ತೋರಿದರೂ ಉಪ್ಪುಕಾಗದದಂತೆ ಎನಾಮಲ್ಲನ್ನು ತೇಯುತ್ತವೆ. ಹೊಗೆಸೊಪ್ಪು ಬೆರೆತ ಹಲ್ಲುಪುಡಿಯು ಬಾಯಿಗೆ ಕ್ಯಾನ್ಸರನ್ನು ತರಬಲ್ಲುದಾದುದರಿಂದ ಅದನ್ನು ಮುಟ್ಟಲೇಬಾರದು.

ಚರಕನು ಹೇಳಿದ ಎರಡು ಹೊತ್ತಿನ ನಿಯಮವನ್ನು ಇಂದಿನ ದಂತವೈದ್ಯರೂ ಹೇಳುತ್ತಾರೆ. ಆದರೆ ಹೆಚ್ಚಿನ ಮನೆಗಳಲ್ಲಿ ಹಲ್ಲುಜ್ಜುವುದು ಬೆಳಗಿನ ಕಾಫಿಗೆ ಮುಂಚಿನ ಶಾಸ್ತ್ರವಾಗಿ ಉಳಿದಿದೆ. ನಿಜವಾಗಿ ನೋಡಿದರೆ ರಾತ್ರಿಯ ಉಜ್ಜುವಿಕೆಯೇ ಹೆಚ್ಚು ಅವಶ್ಯಕ. ನಿದ್ರೆಯಲ್ಲಿ ಲಾಲಾರಸದ ಹರಿವು ಬಹಳ ಕಡಿಮೆಯಾಗುತ್ತದೆ. ಆಗ ಹಲ್ಲಿನ ಸಂದಿಯಲ್ಲಿ ಉಳಿದ ತಿಂಡಿಯ ತುಣುಕುಗಳು ಸೂಕ್ಷ್ಮಜೀವಿಗಳಿಗೆ ಇರುಳಿಡೀ ಔತಣವಾಗುತ್ತವೆ. ತಡೆಯುವವರು ಯಾರೂ ಇರುವುದಿಲ್ಲ. ಸಿಹಿಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ಮಲಗುವ ಕೂಸಿನ ಮುಂದಿನ ಹಲ್ಲುಗಳು ಮುರುಟಿಹೋಗುವುದು ಇದೇ ಕಾರಣದಿಂದ.

ಹಲ್ಲುಜ್ಜುವುದಕ್ಕೂ ಒಂದು ಕ್ರಮವಿದೆ. ಬ್ರಷ್ಷಿನ ಎಳೆಗಳು ಮೃದುವಾಗಿರಬೇಕು. ಒಸಡು ಮತ್ತು ಹಲ್ಲು ಕೂಡುವ ಅಂಚಿನಲ್ಲಿ ಅದನ್ನು ಓರೆಯಾಗಿ ಹಿಡಿದು, ಹಗುರವಾಗಿ ಸಣ್ಣ ಸಣ್ಣ ಸುತ್ತುಗಳಲ್ಲಿ ತಿರುಗಿಸಬೇಕು. ಹಲ್ಲಿನ ಹೊರಬದಿ, ಒಳಬದಿ, ಅಗಿಯುವ ಬದಿ ಈ ಮೂರನ್ನೂ ತಪ್ಪದೆ ಮುಟ್ಟಬೇಕು. ಒತ್ತಿ ಅಡ್ಡಡ್ಡಲಾಗಿ ಗರಗಸದಂತೆ ಎಳೆದರೆ ಒಸಡು ಸವೆದು ಹಲ್ಲಿನ ಬುಡ ಬಯಲಾಗುತ್ತದೆ. ಈ ಕೆಲಸಕ್ಕೆ 2 ನಿಮಿಷ ಸಾಕು. ಆದರೆ ಗಡಿಯಾರವನ್ನು ನೋಡಿದವರಿಗೆ ಮಾತ್ರ ತಾವು ಎಷ್ಟು ಆತುರಪಡುತ್ತಿದ್ದೇವೆಂಬುದು ತಿಳಿಯುತ್ತದೆ. ಎಳೆಗಳು ಕೆದರಿದ ಬ್ರಷ್ಷನ್ನು ಬದಲಾಯಿಸಬೇಕು. ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಹೊಸದು ಬೇಕಾಗುತ್ತದೆ.

ಪೇಸ್ಟಿನ ವಿಷಯದಲ್ಲಿ ಅಳತೆ ಮುಖ್ಯ. ಬ್ರಷ್ಷಿನ ಉದ್ದಕ್ಕೂ ಅದನ್ನು ಹಾವಿನಂತೆ ಹರಡುವ ಚಿತ್ರಗಳು ಜಾಹೀರಾತಿಗೆ ಸೇರಿದವು. 3 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಅಕ್ಕಿಯ ಕಾಳಿನಷ್ಟು, ಅದಕ್ಕೆ ಮೇಲ್ಪಟ್ಟವರಿಗೆ ಬಟಾಣಿಯ ಕಾಳಿನಷ್ಟು ಪೇಸ್ಟು ಸಾಕು. ಭಾರತದಲ್ಲಿ ಪೇಸ್ಟಿನ ಫ್ಲೋರೈಡು 10 ಲಕ್ಷ ಭಾಗಕ್ಕೆ 1000 ಭಾಗವನ್ನು ಮೀರಕೂಡದೆಂದು ಕಾನೂನು ಇದೆ. ಕುಡಿಯುವ ನೀರಿಗೆ ಹಿತವಾದುದು 10 ಲಕ್ಷಕ್ಕೆ ಸುಮಾರು 1 ಭಾಗ ಎಂಬುದನ್ನು ನೆನೆದರೆ, ಪೇಸ್ಟನ್ನು ಏಕೆ ನುಂಗಬಾರದೆಂಬುದು ತಾನಾಗಿಯೇ ತಿಳಿಯುತ್ತದೆ. 6 ವರ್ಷದೊಳಗಿನ ಮಕ್ಕಳು ಹಲ್ಲುಜ್ಜುವಾಗ ದೊಡ್ಡವರು ಬಳಿಯಲ್ಲಿರಬೇಕು. ಉಜ್ಜಿದ ಮೇಲೆ ನೊರೆಯನ್ನು ಚೆನ್ನಾಗಿ ಉಗುಳಬೇಕು. ಆದರೆ ಮೇಲಿಂದ ಮೇಲೆ ಬಾಯಿ ಮುಕ್ಕಳಿಸಬಾರದು. ಹಾಗೆ ಮುಕ್ಕಳಿಸಿದರೆ ಹಲ್ಲಿನ ಮೇಲೆ ಉಳಿದು ಕೆಲಸಮಾಡಬೇಕಾದ ಅಲ್ಪ ಫ್ಲೋರೈಡೂ ತೊಳೆದುಹೋಗುತ್ತದೆ.

ಇಷ್ಟನ್ನು ತಿಳಿದ ಮೇಲೆ ಕರ್ನಾಟಕದ ಕಡೆಗೆ ಕಣ್ಣು ಹಾಯಿಸುವುದು ಅವಶ್ಯಕ. ಮೆಕೇ ಕಂಡ ಕಂದುಕಲೆ ಅಮೆರಿಕದಲ್ಲಿಯೇ ಉಳಿದ ಕಥೆಯಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ಕೊಪ್ಪಳ, ರಾಯಚೂರು ಜಿಲ್ಲೆಗಳ ಅನೇಕ ಹಳ್ಳಿಗಳಲ್ಲಿ, ತುಮಕೂರು ಜಿಲ್ಲೆಯ ಪಾವಗಡ, ಗದಗ ಜಿಲ್ಲೆಯ ಮುಂಡರಗಿ ಮುಂತಾದ ಕಡೆಗಳಲ್ಲಿ ಅಂತರ್ಜಲದಲ್ಲಿ ಫ್ಲೋರೈಡು ಮಿತಿಮೀರಿರುವುದು ಕಂಡುಬಂದಿದೆ. ಕೊಲೊರಾಡೊ ಸ್ಪ್ರಿಂಗ್ಸ್ ಊರಿಗೆ ನೀರು ಹರಿದುಬರುತ್ತಿದ್ದುದು ಗ್ರಾನೈಟಿನ ಶಿಖರದಿಂದ. ಕರ್ನಾಟಕದ ಒಣಸೀಮೆಯ ನೆಲದಡಿಯಲ್ಲಿರುವುದೂ ಗ್ರಾನೈಟು ಮತ್ತು ಅದರ ಜಾತಿಯ ಬಂಡೆಗಳೇ. ಮಳೆ ಕಡಿಮೆಯಾಗಿ ಕೆರೆ ಬಾವಿಗಳು ಬತ್ತಿದಾಗ ಜನರು ಕೊಳವೆಬಾವಿಗಳನ್ನು ಆಳ ಆಳಕ್ಕೆ ಕೊರೆಸಿದರು. ಬಂಡೆಯ ಬಿರುಕುಗಳಲ್ಲಿ ಬಹುಕಾಲ ತಂಗಿದ್ದ ನೀರು ಆ ಬಂಡೆಯ ಫ್ಲೋರೈಡನ್ನು ಕರಗಿಸಿಕೊಂಡು ಮೇಲಕ್ಕೆ ಬಂದಿತು.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡು 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ದೊರೆಯದಿದ್ದ ಪಕ್ಷದಲ್ಲಿ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಈ ಮಿತಿ ದಾಟಿದ ನೀರನ್ನು ಎಳೆಯ ಮಕ್ಕಳು ಕುಡಿಯುತ್ತ ಬಂದರೆ, ದವಡೆಯೊಳಗೆ ರೂಪುಗೊಳ್ಳುತ್ತಿರುವ ಶಾಶ್ವತ ಹಲ್ಲಿನ ಎನಾಮಲ್ ಕೆಡುತ್ತದೆ. ಹುಟ್ಟಿದಂದಿನಿಂದ ಸುಮಾರು 8 ವರ್ಷದವರೆಗಿನ ಕಾಲ ಇದಕ್ಕೆ ಸೂಕ್ಷ್ಮವಾದುದು. ಮೊದಲು ಬಿಳಿಯ ಗೆರೆಗಳು, ಆಮೇಲೆ ಹಳದಿ, ಕಂದು ಬಣ್ಣದ ಪಟ್ಟೆಗಳು ಕಾಣುತ್ತವೆ. ರೋಗ ತೀವ್ರವಾದರೆ ಹಲ್ಲಿನ ಮೈ ಗುಳಿಗುಳಿಯಾಗಿ ಚಕ್ಕೆಯೇಳುತ್ತದೆ. ಆ ಹಲ್ಲು ಹುಳುಕಿನಿಂದ ಪಾರಾಗುತ್ತದೆಂಬ ಭರವಸೆಯೂ ಆಗ ಉಳಿಯುವುದಿಲ್ಲ. ಇನ್ನೂ ಹೆಚ್ಚಿನ ಪ್ರಮಾಣದ ಫ್ಲೋರೈಡು ವರ್ಷಗಟ್ಟಲೆ ಒಳಹೊಕ್ಕರೆ ಮೂಳೆಗಳನ್ನೂ ಬಾಧಿಸುತ್ತದೆ. ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ ನೆಲ್ಲೂರು ಜಿಲ್ಲೆಯಲ್ಲಿ ಇಂತಹ ರೋಗಿಗಳನ್ನು ಕಂಡು ಶಾರ್ಟ್ ಎಂಬ ವೈದ್ಯನೂ ಅವನ ಸಂಗಡಿಗರೂ 1937ರಲ್ಲಿಯೇ ವರದಿಮಾಡಿದ್ದರು.

ಈ ಕಲೆಯಿಂದಾಗುವ ನಷ್ಟವನ್ನು ವೈದ್ಯಶಾಸ್ತ್ರದ ಅಳತೆಗೋಲಿನಿಂದ ಮಾತ್ರ ಅಳೆಯಲಾಗದು. ಉಜ್ಜದೆ ಕೊಳಕಾಗಿ ಬಿಟ್ಟ ಹಲ್ಲೆಂದು ಇತರರು ಭಾವಿಸುವರೆಂಬ ಅಂಜಿಕೆಯಿಂದ, ನಗು ಬಂದಾಗ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯುವ ಹುಡುಗ ಹುಡುಗಿಯರು ಆ ಹಳ್ಳಿಗಳಲ್ಲಿದ್ದಾರೆ. ತಪ್ಪು ಅವರದಲ್ಲ, ಅವರು ಕುಡಿದ ನೀರಿನದು. ಅಂಥವರನ್ನು ಹಾಸ್ಯಮಾಡುವುದು ಅಜ್ಞಾನದ ಲಕ್ಷಣ.

ಫ್ಲೋರೈಡಿಗೆ ಬಣ್ಣವಿಲ್ಲ, ನೀರಿನಲ್ಲಿರುವ ಪ್ರಮಾಣದಲ್ಲಿ ಅದರ ರುಚಿಯೂ ವಾಸನೆಯೂ ತಿಳಿಯುವುದಿಲ್ಲ. ತಿಳಿಯಾದ ನೀರು ಶುದ್ಧವಾದ ನೀರೆಂಬ ನಂಬಿಕೆ ಇಲ್ಲಿ ಸಲ್ಲದು. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಫ್ಲೋರೈಡು ಮಾತ್ರ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣ ಏರುತ್ತದೆ. ಆದುದರಿಂದ ನೀರನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸುವುದೊಂದೇ ದಾರಿ. ಹೆಚ್ಚಿನ ಫ್ಲೋರೈಡನ್ನು ತೆಗೆಯಲು ಹಲವು ವಿಧಾನಗಳಿವೆ. ನಾಗಪುರದ ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನ ಸಂಸ್ಥೆಯು 1970ರ ದಶಕದಲ್ಲಿ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಕವನ್ನೂ ಸುಣ್ಣವನ್ನೂ ನೀರಿಗೆ ಬೆರೆಸಿ ಕದಡಿ, ಫ್ಲೋರೈಡು ಗಸಿಯೊಡನೆ ತಳಕ್ಕೆ ಇಳಿಯುವಂತೆ ಮಾಡುತ್ತಾರೆ. ಕರ್ನಾಟಕದ ಹಳ್ಳಿಗಳಲ್ಲಿ ಸ್ಥಾಪಿತವಾಗಿರುವ ಶುದ್ಧ ಕುಡಿಯುವ ನೀರಿನ ಘಟಕಗಳು ಅತಿಸೂಕ್ಷ್ಮ ರಂಧ್ರಗಳ ಪೊರೆಯ ಮೂಲಕ ನೀರನ್ನು ಒತ್ತಿ ಲವಣಗಳನ್ನು ಬೇರ್ಪಡಿಸುತ್ತವೆ. ಯಂತ್ರ ಕೆಟ್ಟಾಗ ಸರಿಪಡಿಸುವವರಿಲ್ಲದಿದ್ದರೆ ಜನರು ಮತ್ತೆ ಹಳೆಯ ಕೊಳವೆಬಾವಿಗೇ ಹೋಗಬೇಕಾಗುತ್ತದೆ. ಮಳೆಯ ನೀರಿನಲ್ಲಾದರೋ ಬಂಡೆಯ ಸೋಂಕಿಲ್ಲ. ಚಾವಣಿಯ ಮೇಲೆ ಬಿದ್ದ ಮಳೆಯನ್ನು ಶುಚಿಯಾಗಿ ಸಂಗ್ರಹಿಸಿ ಕುಡಿಯಲು ಬಳಸುವುದು, ಕೆರೆಗಳ ಹೂಳೆತ್ತಿ ನೀರು ನಿಲ್ಲಿಸುವುದು, ಇವು ಪೂರ್ವಿಕರು ಬಲ್ಲ ಉಪಾಯಗಳೇ.

ಆದುದರಿಂದ ಫ್ಲೋರೈಡು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. 'ಅತಿಯಾದರೆ ಅಮೃತವೂ ವಿಷ' ಎಂಬ ಗಾದೆಗೆ ಇದಕ್ಕಿಂತ ತಕ್ಕ ನಿದರ್ಶನ ದೊರೆಯಲಾರದು. ನೀರಿನಲ್ಲಿ ಫ್ಲೋರೈಡು ಕಡಿಮೆಯಿರುವ ಊರಿನ ಮಗುವಿಗೆ ಪೇಸ್ಟಿನ ಒಂದು ಕಾಳಿನಷ್ಟು ಫ್ಲೋರೈಡು ರಕ್ಷೆ. ನೀರಿನಲ್ಲಿ ಅದು ಅಧಿಕವಾಗಿರುವ ಊರಿನ ಮಗುವಿಗೆ ಮೊದಲು ಬೇಕಾದುದು ಒಳ್ಳೆಯ ನೀರು. ಅಲ್ಲಿಯ ಎಳೆಯ ಮಕ್ಕಳಿಗೆ ಯಾವ ಪೇಸ್ಟು ತಕ್ಕುದೆಂಬುದನ್ನು ದಂತವೈದ್ಯರನ್ನು ಕೇಳಿ ತಿಳಿಯಬೇಕು. ಮಿಕ್ಕ ನಿಯಮಗಳು ಎರಡು ಊರಿಗೂ ಸಮಾನ. ಊಟಗಳ ನಡುವೆ ಸಿಹಿಯನ್ನು ಚೀಪುತ್ತಿರಬಾರದು. ತಿಂದ ಮೇಲೆ ಬಾಯಿ ಮುಕ್ಕಳಿಸಬೇಕು. ಬೆಳಗ್ಗೆಯೂ ಮಲಗುವ ಮುನ್ನವೂ ಹಲ್ಲುಜ್ಜಬೇಕು. ನೋವಿಗಾಗಿ ಕಾಯದೆ ಆಗಾಗ ಹಲ್ಲನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕು.

ಬೆಳಗ್ಗೆ 2 ನಿಮಿಷ, ರಾತ್ರಿ 2 ನಿಮಿಷ ಹಲ್ಲಿಗೆ ಮೀಸಲಿಡುವುದು ಪ್ರತಿಯೊಬ್ಬರ ಕೈಯಲ್ಲಿರುವ ಮಾತು. ಊರಿನ ಮಕ್ಕಳಿಗೆಲ್ಲ ಒಳ್ಳೆಯ ನೀರು ದೊರೆಯುವಂತೆ ಮಾಡುವುದು ಒಬ್ಬರಿಂದ ಆಗುವ ಕೆಲಸವಲ್ಲ. ಅದು ಇಡೀ ಊರಿನ ಹೊಣೆ. ಓಕ್ಲಿಯ ತಾಯಂದಿರು ತಮ್ಮ ಮಕ್ಕಳ ಹಲ್ಲನ್ನು ನೋಡಿ ನೀರಿನ ಮೇಲೆ ಸಂದೇಹಪಟ್ಟರು, ಬಲ್ಲವರನ್ನು ಕರೆಸಿ ಕೇಳಿದರು, ಊರು ಆ ನೀರನ್ನು ಬದಲಾಯಿಸಿತು. ಅವರ ಹಿರಿಯ ಮಕ್ಕಳ ಹಲ್ಲಿನ ಕಲೆ ಹೋಗಲಿಲ್ಲ. ಕಿರಿಯ ಮಕ್ಕಳಿಗೆ ಕಲೆ ಬರಲಿಲ್ಲ.